ಜೀಪಿನ ಗರಗರ ಸದ್ದು: ಬಿಡಿಭಾಗಕ್ಕೆ ಮೊದಲು ದೋಷಪತ್ತೆಗೆ ಬೆಲೆ ಕೊಡಬೇಕು

ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಕಾಡಂಚಿನ ಹಳ್ಳಿಗಳತ್ತ ಹೊರಟ ಜೀಪಿನಲ್ಲಿ ಅಕ್ಕಿ ಮೂಟೆ, ಅಡುಗೆ ಎಣ್ಣೆಯ ಡಬ್ಬ, ಸಾಬೂನಿನ ಪೆಟ್ಟಿಗೆಗಳಿವೆ. ಡಾಂಬರು ಮುಗಿದು ಕಲ್ಲುದಾರಿ ಆರಂಭವಾಗುವಲ್ಲಿ ಚಾಲಕನು ಎರಡನೆಯ ಲಿವರನ್ನು ಎಳೆದು ನಾಲ್ಕೂ ಚಕ್ರಗಳಿಗೆ ಬಲ ಕೊಡುತ್ತಾನೆ. ಆಗ ಅಡಿಯಿಂದ ಗರಗರ ಸದ್ದು ಕೇಳಿಸುತ್ತದೆ. ಸರಕು ತಲುಪಲೇಬೇಕು, ಆದ್ದರಿಂದ ಜೀಪು ಮುಂದೆ ಸಾಗುತ್ತದೆ. ವಾರದ ನಂತರ ಅದು ಹನೂರಿನ ಅಥವಾ ಕೊಳ್ಳೇಗಾಲದ ಗ್ಯಾರೇಜಿಗೆ ಬಂದಾಗ ಬೇರಿಂಗ್ ಬದಲಾಗುತ್ತದೆ. ಸದ್ದು ನಿಲ್ಲುವುದಿಲ್ಲ. ಬಳಿಕ ಕ್ರೌನ್ ಪಿನಿಯನ್ ಬದಲಾಗುತ್ತದೆ. ಸದ್ದು ಆಗಲೂ ನಿಲ್ಲುವುದಿಲ್ಲ. ಕೊನೆಗೆ ತಿಳಿದುಬರುವುದೇನೆಂದರೆ, ಒಣಗಿದ ಒಂದು ಜಾಯಿಂಟ್ ಕ್ರಾಸಿಗೆ ಸಕಾಲದಲ್ಲಿ ಗ್ರೀಸ್ ಹಾಕಿದ್ದರೆ ಇಷ್ಟೆಲ್ಲ ಖರ್ಚು ಬೇಕಿರಲಿಲ್ಲ.

ಇಂಥ ಅನುಭವ ಈ ಮೂರು ತಾಲ್ಲೂಕುಗಳ ಯಾವ ಜೀಪು ಮಾಲೀಕನಿಗೂ ಹೊಸದಲ್ಲ. ಇದಕ್ಕೆ ಮೆಕ್ಯಾನಿಕ್‌ನ ಅಜ್ಞಾನವನ್ನೋ ಅಪ್ರಾಮಾಣಿಕತೆಯನ್ನೋ ಕಾರಣವೆನ್ನುವುದು ರೂಢಿ. ಆದರೆ ನಿಜವಾದ ಕಾರಣ ವ್ಯವಹಾರದ ಕ್ರಮದಲ್ಲಿಯೇ ಅಡಗಿದೆ. ಬದಲಾಯಿಸಿದ ಬಿಡಿಭಾಗಕ್ಕೆ ಹಣ ಕೊಡುವ ಗಿರಾಕಿಯು, ದೋಷ ಎಲ್ಲಿದೆಯೆಂದು ಹುಡುಕಿದ ಶ್ರಮಕ್ಕೆ ಏನನ್ನೂ ಕೊಡುವುದಿಲ್ಲ. ಬೆಲೆಯಿಲ್ಲದ ಕೆಲಸವನ್ನು ಯಾವ ಮಾರುಕಟ್ಟೆಯೂ ಶ್ರದ್ಧೆಯಿಂದ ಮಾಡುವುದಿಲ್ಲ ಎಂಬುದು ವರ್ತಕರಿಗೆ ಹೇಳಿಕೊಡಬೇಕಾದ ಪಾಠವೇನಲ್ಲ.

ಸದ್ದಿನ ಹಿಂದಿನ ಲೆಕ್ಕ

ಕೊಳ್ಳೇಗಾಲವು 1956ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರೇಷ್ಮೆ ಮತ್ತು ದಿನಸಿ ವ್ಯಾಪಾರದ ಕೇಂದ್ರವಾಗಿ ಬೆಳೆದ ಈ ಪಟ್ಟಣ ಇಂದು ಬೆಂಗಳೂರು–ಕೊಯಮತ್ತೂರು ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಅದೇ ಹೆದ್ದಾರಿಯಲ್ಲಿ ಚಾಮರಾಜನಗರದ ಕಡೆಗೆ ಸಾಗಿದರೆ ಯಳಂದೂರು ಸಿಗುತ್ತದೆ. ಹಿಂದೆ ಕೊಳ್ಳೇಗಾಲ ತಾಲ್ಲೂಕಿಗೇ ಸೇರಿದ್ದ ಹನೂರು ಈಗ ಪ್ರತ್ಯೇಕ ತಾಲ್ಲೂಕು. ಹೆದ್ದಾರಿಯ ಮೇಲಿನ ವ್ಯಾಪಾರಕ್ಕೆ ಲಾರಿ ಸಾಕು. ಆದರೆ ಹನೂರಿನಿಂದಾಚೆ ಲೊಕ್ಕನಹಳ್ಳಿ, ಕೌದಳ್ಳಿ, ರಾಮಾಪುರ, ಮಾರ್ಟಳ್ಳಿ, ಹೂಗ್ಯಂ ಕಡೆಯ ಒಳದಾರಿಗಳಲ್ಲಿಯೂ, ಯಳಂದೂರಿನಿಂದ ಮೇಲೇರುವ ಬಿಳಿಗಿರಿರಂಗನ ಬೆಟ್ಟದ ಪೋಡು ಹಾಗೂ ಕಾಫಿ ತೋಟಗಳ ದಾರಿಯಲ್ಲಿಯೂ ನಾಲ್ಕು ಚಕ್ರಗಳ ಚಾಲನೆಯುಳ್ಳ ವಾಹನಕ್ಕೆ ಬದಲಿಯಿಲ್ಲ. ಇಂಡಿಗನತ್ತದಂಥ ಊರಿಗೆ ದೀರ್ಘಕಾಲ ಜೀಪೇ ಅಂಗಡಿಯೂ ಆಗಿತ್ತು, ಆಂಬುಲೆನ್ಸೂ ಆಗಿತ್ತು.

ಇಂಥ ವಾಹನ ಒಂದು ದಿನ ನಿಂತರೆ ಆಗುವ ನಷ್ಟ ಗ್ಯಾರೇಜಿನ ಬಿಲ್ಲಿನಲ್ಲಿ ಕಾಣುವುದಿಲ್ಲ. ರೇಷ್ಮೆಗೂಡು ಚಿಟ್ಟೆ ಹೊರಬರುವ ಮುನ್ನ ಮಾರುಕಟ್ಟೆ ಮುಟ್ಟಲೇಬೇಕಾದ ಸರಕು. ಬೆಟ್ಟದ ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಿಗಾಗಲಿ ಬಿಳಿಗಿರಿರಂಗನ ರಥೋತ್ಸವಕ್ಕಾಗಲಿ ಸಾಲ ಮಾಡಿ ಸರಕು ತುಂಬಿದ ಸಣ್ಣ ವ್ಯಾಪಾರಿಗೆ ಜಾತ್ರೆ ಮುಗಿದ ಮರುದಿನ ರಿಪೇರಿಯಾಗಿ ಬರುವ ಜೀಪಿನಿಂದ ಯಾವ ಪ್ರಯೋಜನವೂ ಇಲ್ಲ. ತಪ್ಪು ದೋಷಪತ್ತೆಯಿಂದ ಮಾಲೀಕನು ಮೂರು ಬಗೆಯಲ್ಲಿ ಕಳೆದುಕೊಳ್ಳುತ್ತಾನೆ: ಬೇಡದ ಬಿಡಿಭಾಗದ ಹಣ, ವಾಹನ ನಿಂತ ದಿನಗಳ ದುಡಿಮೆ, ಮತ್ತು ಪತ್ತೆಯಾಗದೆ ಉಳಿದ ಮೂಲ ದೋಷದಿಂದ ಮುಂದೆ ಬರುವ ದೊಡ್ಡ ಖರ್ಚು.

ಬಲ ಸಾಗುವ ದಾರಿ

ಎಂಜಿನ್ನಿನಿಂದ ಹೊರಟ ಬಲವು ಕ್ಲಚ್ ದಾಟಿ ಗೇರ್‌ಬಾಕ್ಸಿಗೆ ಬರುತ್ತದೆ. ಅಲ್ಲಿಂದ ಟ್ರಾನ್ಸ್‌ಫರ್ ಕೇಸ್ ಎಂಬ ಎರಡನೆಯ ಪೆಟ್ಟಿಗೆಗೆ ಹೋಗಿ, ಅಲ್ಲಿ ಎರಡು ದಾರಿಯಾಗಿ ಕವಲೊಡೆಯುತ್ತದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಹಿಂಬದಿಯ ಡಿಫರೆನ್ಷಿಯಲ್‌ಗೂ, ಮುಂದಿನ ಶಾಫ್ಟ್ ಮುಂಬದಿಯ ಡಿಫರೆನ್ಷಿಯಲ್‌ಗೂ ಬಲವನ್ನು ಒಯ್ಯುತ್ತವೆ. ಅಲ್ಲಿರುವ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಬಲದ ದಿಕ್ಕನ್ನು ತಿರುಗಿಸಿ ಆಕ್ಸಲ್‌ಗಳ ಮೂಲಕ ಚಕ್ರಗಳಿಗೆ ಮುಟ್ಟಿಸುತ್ತವೆ. 1940ರ ದಶಕದ ಕೊನೆಯಲ್ಲಿ ಭಾರತದಲ್ಲಿ ಜೋಡಣೆಯಾಗತೊಡಗಿದ ವಿಲ್ಲೀಸ್ ಜೀಪಿನಿಂದ ಹಿಡಿದು, 1985ರ ಜಿಪ್ಸಿ, 2010ರ ಹಾಗೂ 2020ರ ಥಾರ್‌ವರೆಗೆ ಈ ಮೂಲ ವಿನ್ಯಾಸ ಹೆಚ್ಚು ಬದಲಾಗಿಲ್ಲ.

ಸಾಮಾನ್ಯ ಕಾರಿಗೆ ಹೋಲಿಸಿದರೆ ಇಲ್ಲಿ ಒಂದು ಪೆಟ್ಟಿಗೆ, ಒಂದು ಶಾಫ್ಟ್, ಒಂದು ಡಿಫರೆನ್ಷಿಯಲ್ ಹೆಚ್ಚು. ಸದ್ದು ಮಾಡಬಲ್ಲ ಜಾಗಗಳೂ ಅಷ್ಟೇ ಹೆಚ್ಚು. ಇವೆಲ್ಲ ಒಂದೇ ಚಾಸಿಗೆ ಅಂಟಿಕೊಂಡಿರುವುದರಿಂದ ಮುಂದಿನ ಸದ್ದು ಹಿಂದೆ ಕೇಳಿಸುತ್ತದೆ, ಹಿಂದಿನದು ಚಾಲಕನ ಕಾಲಡಿಯಲ್ಲಿ ಕೇಳಿಸುತ್ತದೆ. ಆದ್ದರಿಂದ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕೇಳುವುದಕ್ಕಿಂತ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಕೇಳುವುದು ಸರಿಯಾದ ಕ್ರಮ. ದೋಷಪತ್ತೆಯ ವಿದ್ಯೆಯೆಲ್ಲ ಈ ಪ್ರಶ್ನೆಯ ಮೇಲೆ ನಿಂತಿದೆ.

ಬಿಚ್ಚುವ ಮುನ್ನ

ಗೇರ್‌ಬಾಕ್ಸನ್ನು ದೂಷಿಸುವ ಮೊದಲು ಅಗ್ಗದ ಕಾರಣಗಳನ್ನು ಪರಿಶೀಲಿಸಬೇಕು. ಜಲ್ಲಿ ದಾರಿಯಲ್ಲಿ ಓಡಿದ ವಾಹನದ ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಡಲೆಕಾಳಿನಷ್ಟು ಕಲ್ಲು ಸಿಕ್ಕಿಕೊಂಡರೆ ಡಿಫರೆನ್ಷಿಯಲ್ಲೇ ಪುಡಿಯಾಗುತ್ತಿದೆಯೇನೋ ಎಂಬಂಥ ಸದ್ದು ಬರುತ್ತದೆ. ಬ್ರೇಕ್ ಲೈನರ್ ಸವೆದು ಲೋಹಕ್ಕೆ ಲೋಹ ತಾಗಿದರೂ ಅದೇ ಗರಗರ ಕೇಳಿಸುತ್ತದೆ, ಆದರೆ ಅದು ಬ್ರೇಕ್ ಒತ್ತಿದಾಗ ಬದಲಾಗುತ್ತದೆ. ದಪ್ಪ ಗುಂಡಿಗಳ ಕೆಸರು ಟೈರುಗಳು ಡಾಂಬರಿನ ಮೇಲೆ ಹಾಡುವ ಸದ್ದನ್ನು ಕ್ರೌನ್ ಪಿನಿಯನ್ನಿನದೆಂದು ತಿಳಿದು ಮೋಸಹೋದವರು ಅನೇಕರು. ರಸ್ತೆಯ ಮೇಲ್ಮೈ ಬದಲಾದೊಡನೆ ಸದ್ದೂ ಬದಲಾದರೆ ಅದು ಟೈರಿನದು. ಮುಂದಿನ ಟೈರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ನೋಡಿದರೆ ಖಾತರಿಯಾಗುತ್ತದೆ.

ನಂತರ ವಾಹನ ನಿಂತಿರುವಾಗ, ಎಂಜಿನ್ ಓಡುತ್ತಿರುವಾಗ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕೇಳಬೇಕು. ಕ್ಲಚ್ ಬಿಟ್ಟಾಗ ಇದ್ದ ಸದ್ದು ಒತ್ತಿದಾಗ ನಿಂತರೆ ದೋಷ ಗೇರ್‌ಬಾಕ್ಸಿನ ಒಳಶಾಫ್ಟಿನ ಬೇರಿಂಗ್‌ಗಳ ಕಡೆ ಇದೆ. ಇದಕ್ಕೆ ವಿರುದ್ಧವಾಗಿ, ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ಕ್ಲಚ್ ರಿಲೀಸ್ ಬೇರಿಂಗ್ ಸವೆದಿದೆ. ಗೇರ್ ಹಾಕುವಾಗ ಮಾತ್ರ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲದಿರಬಹುದು. ಈ ಪರೀಕ್ಷೆಗಳಿಗೆ ಸ್ಪ್ಯಾನರ್ ಬೇಡ, ಐದು ನಿಮಿಷ ಸಾಕು.

ಓಡುವಾಗ ಕೇಳಬೇಕಾದದ್ದು

ಮುಂದಿನ ಹಂತ ಸಮತಟ್ಟಾದ, ವಾಹನ ಸಂಚಾರ ವಿರಳವಾದ ರಸ್ತೆಯಲ್ಲಿ. ಎಲ್ಲ ಗೇರ್‌ಗಳಲ್ಲಿಯೂ ಸದ್ದಿದ್ದು, ಬಲ ನೇರವಾಗಿ ಹಾದುಹೋಗುವ ಗೇರಿನಲ್ಲಿ, ಅಂದರೆ ಬಹುತೇಕ ಜೀಪುಗಳ ನಾಲ್ಕನೆಯ ಗೇರಿನಲ್ಲಿ, ಮಾತ್ರ ಕಡಿಮೆಯಾದರೆ ಗೇರ್‌ಬಾಕ್ಸಿನ ಕೆಳಶಾಫ್ಟನ್ನು ಶಂಕಿಸಬೇಕು. ಗೇರ್ ಯಾವುದಾದರೂ ಸದ್ದು ಒಂದೇ ಆಗಿದ್ದು, ವಾಹನದ ವೇಗದೊಂದಿಗೆ ಮಾತ್ರ ಏರಿಳಿದರೆ ದೋಷ ಗೇರ್‌ಬಾಕ್ಸಿನ ಆಚೆಗಿದೆ.

ಆಕ್ಸಿಲರೇಟರ್ ಒತ್ತಿದಾಗ ಗುಂಯ್ ಎಂದು ಏರಿ, ಬಿಟ್ಟಾಗ ಸ್ವರ ಬದಲಿಸುವ ಸದ್ದು ಕ್ರೌನ್ ಪಿನಿಯನ್ ಹಲ್ಲುಗಳದ್ದು ಅಥವಾ ಪಿನಿಯನ್ ಬೇರಿಂಗಿನದು. ಒತ್ತಿದರೂ ಬಿಟ್ಟರೂ ಬದಲಾಗದೆ ಗೊರಗೊರ ಎನ್ನುತ್ತ, ತಿರುವಿನಲ್ಲಿ ಒಂದು ಪಕ್ಕಕ್ಕೆ ಭಾರ ಬಿದ್ದಾಗ ಜೋರಾಗುವುದು ಚಕ್ರದ ಬೇರಿಂಗ್. ನೇರ ಓಟದಲ್ಲಿ ಸುಮ್ಮನಿದ್ದು ತಿರುಗಿಸುವಾಗ ಮಾತ್ರ ಬಂದರೆ ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರ್‌ಗಳನ್ನೂ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಎಂದರೆ ಮುಂದಿನ ಆಕ್ಸಲ್ ಜಾಯಿಂಟನ್ನೂ ನೋಡಬೇಕು. ವಾಹನ ಹೊರಡುವಾಗ ಟಣ್ ಎಂಬ ಒಂದೇ ಪೆಟ್ಟು ಅಥವಾ ನಿಧಾನ ಓಟದಲ್ಲಿ ಕಿಚ್‌ಕಿಚ್ ಎಂಬ ಸದ್ದು ಜಾಯಿಂಟ್ ಕ್ರಾಸಿನ ದೂರು. ಆರಂಭದಲ್ಲಿ ಅದಕ್ಕೆ ಬೇಕಾದದ್ದು ಗ್ರೀಸ್ ಮಾತ್ರ.

ನಾಲ್ಕು ಚಕ್ರಗಳ ಚಾಲನೆಯಲ್ಲಿ ಮಾತ್ರ ಬರುವ ಸದ್ದಿಗೆ ಸುಲಭವಾದ ಪರೀಕ್ಷೆಯೊಂದಿದೆ. ಕೈಯಿಂದ ತಿರುಗಿಸುವ ಹಬ್ ಲಾಕ್ ಇರುವ ಜೀಪಿನಲ್ಲಿ, ಲಿವರನ್ನು ಎರಡು ಚಕ್ರಗಳ ಚಾಲನೆಯಲ್ಲಿಯೇ ಇರಿಸಿ, ಹಬ್‌ಗಳನ್ನು ಮಾತ್ರ ಲಾಕ್ ಮಾಡಿ ಓಡಿಸಬೇಕು. ಆಗ ಮುಂದಿನ ಆಕ್ಸಲ್, ಡಿಫರೆನ್ಷಿಯಲ್ ಮತ್ತು ಪ್ರೊಪೆಲ್ಲರ್ ಶಾಫ್ಟ್‌ಗಳು ಭಾರವಿಲ್ಲದೆ ಸುಮ್ಮನೆ ತಿರುಗುತ್ತವೆ. ಸದ್ದು ಬಂದರೆ ದೋಷ ಆ ಮೂರರಲ್ಲೊಂದರಲ್ಲಿದೆ. ಬಾರದೆ, ಲಿವರ್ ಎಳೆದು ಭಾರ ಬಿದ್ದಾಗ ಮಾತ್ರ ಬಂದರೆ ಟ್ರಾನ್ಸ್‌ಫರ್ ಕೇಸನ್ನೂ ಮುಂದಿನ ಕ್ರೌನ್ ಪಿನಿಯನ್ನನ್ನೂ ಶಂಕಿಸಬೇಕು. ಒಂದು ಕಿಲೋಮೀಟರ್ ಓಟದಲ್ಲಿ ಮುಗಿಯುವ ಈ ಪರೀಕ್ಷೆಯಿಂದ ಒಂದಿಡೀ ಪೆಟ್ಟಿಗೆಯನ್ನು ಇಳಿಸಿ ಬಿಚ್ಚುವ ಕೆಲಸ ಉಳಿಯಬಹುದು.

ಜಾಕಿ ಹಾಕಿ ಚಕ್ರ ತಿರುಗಿಸಿ ನೋಡುವವರು ಒಂದು ಎಚ್ಚರ ವಹಿಸಬೇಕು. ನಾಲ್ಕು ಚಕ್ರಗಳ ಚಾಲನೆ ಹಾಕಿದ ವಾಹನವನ್ನು ಎರಡು ಚಕ್ರ ಮಾತ್ರ ಎತ್ತಿ ಗೇರಿನಲ್ಲಿ ಓಡಿಸಿದರೆ, ನೆಲದ ಮೇಲಿರುವ ಚಕ್ರಗಳು ವಾಹನವನ್ನು ಸ್ಟ್ಯಾಂಡಿನಿಂದ ಕೆಳಗೆ ಎಳೆದುಹಾಕುತ್ತವೆ. ನಾಲ್ಕನ್ನೂ ಗಟ್ಟಿ ಸ್ಟ್ಯಾಂಡುಗಳ ಮೇಲೆ ಎತ್ತಲಾಗದಿದ್ದರೆ ಆ ಪರೀಕ್ಷೆಯನ್ನು ಕೈಬಿಡುವುದೇ ಒಳಿತು.

ಈ ನೆಲದ ಮೂರು ಕಾರಣಗಳು

ಈ ಭಾಗದ ವಾಹನಗಳು ಸದ್ದು ಮಾಡುವುದಕ್ಕೆ ಈ ಭಾಗದ ದಾರಿಗಳೇ ಕೊಟ್ಟ ಕಾರಣಗಳಿವೆ. ಮೊದಲನೆಯದು, ಕಲ್ಲುದಾರಿ ಮುಗಿದರೂ ನಾಲ್ಕು ಚಕ್ರಗಳ ಚಾಲನೆಯನ್ನು ತೆಗೆಯದೆ ಡಾಂಬರಿನ ಮೇಲೆ ಓಡಿಸುವ ಅಭ್ಯಾಸ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗುತ್ತವೆ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಅವಕಾಶವಿಲ್ಲದೆ ಎರಡು ಶಾಫ್ಟ್‌ಗಳ ನಡುವೆ ತಿರುಚು ಬಿಗಿಯಾಗುತ್ತ ಹೋಗುತ್ತದೆ. ಬೆಟ್ಟದಿಂದ ತಾಳಬೆಟ್ಟಕ್ಕೆ ಇಳಿಯುವ ತಿರುವುಗಳಲ್ಲಿ ಹೀಗೆ ಬಂದ ಜೀಪಿನ ಲಿವರ್ ಸಿಕ್ಕಿಕೊಂಡು, ಅಡಿಯಿಂದ ಕಟಕ್ ಎಂಬ ಸದ್ದು ಬಂದರೆ ಟ್ರಾನ್ಸ್‌ಫರ್ ಕೇಸ್ ಹೋಯಿತೆಂದು ತೀರ್ಮಾನಿಸಬಾರದು. ನಾಲ್ಕಾರು ಮೀಟರ್ ನೇರವಾಗಿ ಹಿಂದಕ್ಕೆ ತಂದರೆ ಬಿಗಿ ಸಡಿಲವಾಗಿ ಲಿವರ್ ಬಿಡುತ್ತದೆ. ಆದರೆ ಇದೇ ಅಭ್ಯಾಸ ವರ್ಷಗಟ್ಟಲೆ ನಡೆದರೆ ಅದು ನಿಜವಾಗಿಯೂ ಹೋಗುತ್ತದೆ. ಮುಂದೆ ಸವೆದ ಟೈರು, ಹಿಂದೆ ಹೊಸ ಟೈರು ಹಾಕಿ ನಾಲ್ಕು ಚಕ್ರಗಳಲ್ಲಿ ಓಡಿಸಿದರೂ ಇದೇ ತಿರುಚು ಉಂಟಾಗುತ್ತದೆ. ಎರಡು ಟೈರಿನ ಹಣ ಉಳಿಸಲು ಹೋಗಿ ಪೆಟ್ಟಿಗೆಯನ್ನೇ ಕಳೆದುಕೊಳ್ಳುವ ಲೆಕ್ಕ ಇದು.

ಎರಡನೆಯದು, ಹಳ್ಳಗಳು. ದೂರ ಓಡಿ ಕಾದ ಡಿಫರೆನ್ಷಿಯಲ್ ಮಳೆಗಾಲದ ಹಳ್ಳದ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನಿಂದಲೋ ಕಟ್ಟಿಕೊಂಡ ಉಸಿರುಗೊಳವೆಯ ಬದಿಯಿಂದಲೋ ನೀರನ್ನು ಒಳಗೆಳೆಯುತ್ತದೆ. ನೀರು ಬೆರೆತ ಎಣ್ಣೆ ಹಲ್ಲುಗಳನ್ನು ಕಾಯುವುದಿಲ್ಲ. ಬೇರಿಂಗಿನ ಮೇಲೆ ತುಕ್ಕಿನ ಚುಕ್ಕೆ ಬೀಳುತ್ತದೆ, ಸದ್ದು ಕೇಳಿಸುವುದು ತಿಂಗಳುಗಳ ಬಳಿಕ. ಹಳ್ಳ ದಾಟಿದ್ದು ಯಾರಿಗೂ ನೆನಪಿರುವುದಿಲ್ಲ. ಉಸಿರುಗೊಳವೆಗೆ ಉದ್ದದ ರಬ್ಬರ್ ನಳಿಕೆ ಜೋಡಿಸಿ ಅದರ ತುದಿಯನ್ನು ಎತ್ತರಕ್ಕೆ ಕಟ್ಟುವುದು ಅತ್ಯಂತ ಅಗ್ಗದ ರಕ್ಷಣೆ.

ಮೂರನೆಯದು, ಹೊರೆ. ಮಿತಿ ಮೀರಿದ ಭಾರ ಹೊತ್ತು ಏರು ಹತ್ತುವಾಗ ಪಿನಿಯನ್ ಹಲ್ಲುಗಳ ನಡುವಿನ ಎಣ್ಣೆಯ ಪೊರೆ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಒಂದು ಟ್ರಿಪ್ ಉಳಿಸಿದ ಮಾಲೀಕನು ಆ ಉಳಿತಾಯವನ್ನು ಆರು ತಿಂಗಳ ನಂತರ ಬಡ್ಡಿಸಹಿತ ಗ್ಯಾರೇಜಿಗೆ ಒಪ್ಪಿಸುತ್ತಾನೆ.

ಎಣ್ಣೆಯ ಸಾಕ್ಷ್ಯ

ಸದ್ದನ್ನು ಕೇಳಿ ಶಂಕಿಸಿದ್ದನ್ನು ಎಣ್ಣೆಯು ದೃಢಪಡಿಸುತ್ತದೆ. ಯಾವುದೇ ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಅದರ ತಳದ ನಟ್ಟನ್ನು ತೆಗೆದು ಸ್ವಲ್ಪ ಎಣ್ಣೆಯನ್ನು ಬಿಳಿ ತಟ್ಟೆಗೆ ಇಳಿಸಬೇಕು. ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ನುಣುಪಾದ ಬೂದುಬಣ್ಣದ ಪುಡಿ ಸಹಜ ಸವೆತದ ಗುರುತು. ಮಿನುಗುವ ಚೂರುಗಳಿದ್ದರೆ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ. ಹಳದಿ ಹೊಳಪಿದ್ದರೆ ಗೇರ್‌ಬಾಕ್ಸಿನ ಹಿತ್ತಾಳೆಯ ರಿಂಗುಗಳು ಸವೆಯುತ್ತಿವೆ.

ಎಣ್ಣೆಯ ಜಾತಿಯೂ ಮುಖ್ಯ. ಡಿಫರೆನ್ಷಿಯಲ್‌ನ ಭಾರಕ್ಕೆ ಸಾಮಾನ್ಯವಾಗಿ ಜಿಎಲ್-5 ದರ್ಜೆ ಬೇಕು. ಅದರಲ್ಲಿರುವ ಗಂಧಕದ ಸಂಯುಕ್ತಗಳು ಅನೇಕ ಹಳೆಯ ಗೇರ್‌ಬಾಕ್ಸ್‌ಗಳ ಹಿತ್ತಾಳೆ ರಿಂಗುಗಳಿಗೆ ಹಾನಿಕರವಾದ್ದರಿಂದ ಅಲ್ಲಿ ಜಿಎಲ್-4 ದರ್ಜೆಯನ್ನು ತಯಾರಕರು ಸೂಚಿಸುತ್ತಾರೆ. ಒಂದೇ ಡಬ್ಬದ ಎಣ್ಣೆಯನ್ನು ಎಲ್ಲಕ್ಕೂ ಸುರಿಯುವ ಪದ್ಧತಿ ಅನುಕೂಲಕರವೇ ಹೊರತು ಸರಿಯಾದುದಲ್ಲ. ಗೇರ್ ಎಣ್ಣೆಯ ಖರ್ಚು ನೂರುಗಳಲ್ಲಿ, ಕ್ರೌನ್ ಪಿನಿಯನ್ ಜೋಡಿಯ ಖರ್ಚು ಸಾವಿರಗಳಲ್ಲಿ. ವಾಹನದ ಕೈಪಿಡಿಯ ಒಂದು ಪುಟ ಓದುವುದರಿಂದ ಉಳಿಯುವುದು ಈ ಅಂತರ.

ಎರಡೂ ಕಡೆಯ ವಾದ

ಗ್ಯಾರೇಜಿನವರ ಅಹವಾಲನ್ನೂ ಕೇಳಬೇಕು. ಗಿರಾಕಿ ಬೆಳಿಗ್ಗೆ ಜೀಪು ತಂದು ನಿಲ್ಲಿಸಿ, ಸಂಜೆಗೆ ಬೇಕೆನ್ನುತ್ತಾನೆ. ಸದ್ದು ಯಾವಾಗ ಬರುತ್ತದೆಂದು ಕೇಳಿದರೆ ಯಾವಾಗಲೂ ಬರುತ್ತದೆ ಎನ್ನುತ್ತಾನೆ. ಓಡಿಸಿದ ಚಾಲಕ ಬೇರೆ, ಗ್ಯಾರೇಜಿಗೆ ತಂದವನು ಬೇರೆ. ಎರಡು ಗಂಟೆ ಓಡಿಸಿ ಕೇಳಿ ದೋಷ ಕಂಡುಹಿಡಿದು, ಬರಿಯ ಗ್ರೀಸ್ ಹಾಕಿ ಕಳಿಸಿದರೆ ಆ ಎರಡು ಗಂಟೆಗೆ ಸಿಗುವುದು ಒಂದು ಲೋಟ ಚಹಾ. ಅದೇ ಬೇರಿಂಗ್ ಬದಲಿಸಿದರೆ ಕೂಲಿಯೂ ಉಂಟು, ಬಿಡಿಭಾಗದ ಅಂಗಡಿಯಿಂದ ರಿಯಾಯಿತಿಯೂ ಉಂಟು. ಪ್ರಾಮಾಣಿಕ ಮೆಕ್ಯಾನಿಕ್‌ಗೆ ನಷ್ಟವನ್ನೂ ಅವಸರದವನಿಗೆ ಲಾಭವನ್ನೂ ಕೊಡುವ ಈ ಪದ್ಧತಿಯನ್ನು ಗಿರಾಕಿಗಳೇ ಕಟ್ಟಿದ್ದಾರೆ, ಅವರೇ ಅದರ ದಂಡವನ್ನೂ ತೆರುತ್ತಿದ್ದಾರೆ.

ಹೊಸ ವಾಹನಗಳಿಗೆ ಸ್ಕ್ಯಾನರ್ ಬಂದಿರುವುದರಿಂದ ಈ ಸಮಸ್ಯೆ ತಾನಾಗಿಯೇ ತೀರುತ್ತದೆ ಎಂಬ ವಾದವೂ ಇದೆ. ಸ್ಕ್ಯಾನರ್ ಸೆನ್ಸರುಗಳ ಮತ್ತು ವಿದ್ಯುತ್ ಭಾಗಗಳ ದೋಷವನ್ನು ತೋರಿಸುತ್ತದೆ. ಸವೆದ ಬೇರಿಂಗಿನ, ಒಣಗಿದ ಕ್ರಾಸಿನ ಸದ್ದು ಅದಕ್ಕೆ ಕೇಳಿಸುವುದಿಲ್ಲ. ಇಂದಿಗೂ ಅಲ್ಲಿ ಬೇಕಾಗಿರುವುದು ಮನುಷ್ಯನ ಕಿವಿ ಮತ್ತು ತಾಳ್ಮೆ.

ಸದ್ದಿದ್ದರೂ ಓಡುತ್ತಿದೆಯಲ್ಲ ಎಂಬ ಉಪೇಕ್ಷೆಯಂತೂ ಹಣದ ವಿಷಯಕ್ಕಿಂತ ಗಂಭೀರವಾದುದು. ಪಿನಿಯನ್ ಬೇರಿಂಗ್ ಕಚ್ಚಿಕೊಂಡರೆ ಓಟದಲ್ಲಿಯೇ ಹಿಂದಿನ ಚಕ್ರಗಳು ಬಿಗಿದು ನಿಲ್ಲಬಹುದು. ಇಳಿಜಾರಿನಲ್ಲಿ ಹಿಂದಿನ ಜಾಯಿಂಟ್ ಕ್ರಾಸ್ ಮುರಿದು ಶಾಫ್ಟ್ ಕಳಚಿದರೆ ಎರಡು ಚಕ್ರಗಳ ಚಾಲನೆಯಲ್ಲಿರುವ ವಾಹನಕ್ಕೆ ಎಂಜಿನ್ನಿನ ಹಿಡಿತ ಪೂರ್ತಿ ತಪ್ಪುತ್ತದೆ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಚಕ್ರದ ಮೇಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಶಾಫ್ಟಿನ ಮೇಲೆ. ಶಾಫ್ಟ್ ಕಳಚಿದರೆ ಅದರೊಂದಿಗೆ ಹ್ಯಾಂಡ್ ಬ್ರೇಕೂ ಹೋಗುತ್ತದೆ. ಘಟ್ಟದ ತಿರುವಿನಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಆಗಬೇಕಾದದ್ದು

ಮೊದಲನೆಯದಾಗಿ, ದೋಷಪತ್ತೆಗೆ ಪ್ರತ್ಯೇಕ ಶುಲ್ಕ ನಿಗದಿಯಾಗಬೇಕು. ವೈದ್ಯರಿಗೆ ಔಷಧದ ಬೆಲೆಯಲ್ಲದೆ ಪರೀಕ್ಷೆಯ ಶುಲ್ಕವನ್ನೂ ಕೊಡುವ ವರ್ತಕ ಬಂಧುಗಳು ಮೆಕ್ಯಾನಿಕ್‌ಗೂ ಅದನ್ನು ಕೊಡಲು ಹಿಂಜರಿಯಬಾರದು. ಶುಲ್ಕಕ್ಕೆ ಪ್ರತಿಯಾಗಿ ಸದ್ದು ಯಾವ ಸ್ಥಿತಿಯಲ್ಲಿ ಬಂತು, ಯಾವ ಪರೀಕ್ಷೆ ಮಾಡಲಾಯಿತು, ಯಾವ ಭಾಗದ ಮೇಲೆ ಶಂಕೆ ಎಂಬ ಮೂರು ಸಾಲಿನ ಚೀಟಿ ಗಿರಾಕಿಯ ಕೈಸೇರಬೇಕು. ಬದಲಿಸಿದ ಹಳೆಯ ಭಾಗವನ್ನು ಮಾಲೀಕನಿಗೆ ಮರಳಿಸುವುದು ಕಡ್ಡಾಯ ರೂಢಿಯಾಗಬೇಕು.

ಎರಡನೆಯದಾಗಿ, ಮಾಲೀಕರು ಪ್ರತಿ ವಾಹನಕ್ಕೂ ಒಂದು ಪುಸ್ತಕ ಇಡಬೇಕು. ಎಣ್ಣೆ ಬದಲಿಸಿದ ದಿನ, ಗ್ರೀಸ್ ಹಾಕಿದ ದಿನ, ಹಳ್ಳ ದಾಟಿದ ದಿನ, ಸದ್ದು ಮೊದಲು ಕೇಳಿದ ದಿನ ಅದರಲ್ಲಿ ದಾಖಲಾಗಬೇಕು. ಚಾಲಕನು ಸದ್ದನ್ನು ತನ್ನ ಮಾತಿನಲ್ಲೇ ಬರೆಯಲಿ. ಗರಗರ, ಗೊರಗೊರ, ಕಟಕಟ, ಕಿಚ್‌ಕಿಚ್, ಗುಂಯ್ ಎಂಬ ಪದಗಳು ಕನ್ನಡದಲ್ಲಿ ಸುಮ್ಮನೆ ಹುಟ್ಟಿದವಲ್ಲ. ಒಂದೊಂದೂ ಒಂದೊಂದು ದೋಷದ ಕಡೆ ಬೆರಳು ತೋರುತ್ತದೆ.

ಮೂರನೆಯದಾಗಿ, ಬಿಲ್ಲು. ದುರಸ್ತಿಯನ್ನು ಬಿಲ್ಲಿಲ್ಲದೆ ಮಾಡಿಸುವುದು ಉಳಿತಾಯವೆಂಬ ಭ್ರಮೆ ಇನ್ನೂ ಹೋಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಮೋಟಾರು ವಾಹನಗಳ ಬಿಡಿಭಾಗಗಳಿಗೆ ಶೇ. 18ರ ಏಕರೂಪ ಜಿಎಸ್‌ಟಿ ದರ ಬಂದಿದೆ. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದ ವರ್ತಕರು ಸರಕು ಸಾಗಣೆ ವಾಹನದ ದುರಸ್ತಿಗೆ ತೆತ್ತ ತೆರಿಗೆಯ ಹೂಡುವಳಿ ಜಮೆ ಪಡೆಯಬಹುದು. ಚಾಲಕನೂ ಸೇರಿ 13 ಜನರವರೆಗಿನ ಆಸನದ ವಾಹನಗಳಿಗೆ ಸಾಮಾನ್ಯವಾಗಿ ಈ ಸೌಲಭ್ಯವಿಲ್ಲ. ಆದ್ದರಿಂದ ವಾಹನ ಯಾವ ವರ್ಗದಲ್ಲಿ ನೋಂದಣಿಯಾಗಿದೆ ಎಂಬುದನ್ನು ಲೆಕ್ಕಪರಿಶೋಧಕರಲ್ಲಿ ವಿಚಾರಿಸಿ ಬಿಲ್ಲು ಪಡೆಯುವುದು ಲೇಸು. ಗ್ಯಾರೇಜಿನವರೂ 2021ರ ಜುಲೈನಿಂದ ಮೋಟಾರು ವಾಹನ ವ್ಯಾಪಾರ ಮತ್ತು ದುರಸ್ತಿ ವರ್ಗಕ್ಕೆ ತೆರೆದಿರುವ ಉದ್ಯಮ್ ನೋಂದಣಿಯನ್ನು ಮಾಡಿಸಿಕೊಂಡರೆ ಬ್ಯಾಂಕಿನ ಆದ್ಯತಾ ಸಾಲಕ್ಕೆ ದಾರಿಯಾಗುತ್ತದೆ.

ನಾಲ್ಕನೆಯದಾಗಿ, ಸಾಮೂಹಿಕ ಸಲಕರಣೆ. ಕ್ರೌನ್ ಪಿನಿಯನ್ ಜೋಡಿಯನ್ನು ಕೂಡಿಸುವುದು ಅಂದಾಜಿನ ಕೆಲಸವಲ್ಲ. ಎರಡೂ ಒಟ್ಟಿಗೇ ಉಜ್ಜಿ ಹೊಂದಿಸಿದ ಜೋಡಿಯಾದ್ದರಿಂದ ಒಂದನ್ನು ಮಾತ್ರ ಬದಲಿಸಬಾರದು. ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜಿನಿಂದ ಅಳೆದು, ಬಣ್ಣ ಹಚ್ಚಿ ತಾಗುವ ಜಾಗವನ್ನು ನೋಡಿ, ಶಿಮ್ ಹಾಕಿ ಸರಿಪಡಿಸಬೇಕು. ಹೀಗೆ ಮಾಡದೆ ಹಾಕಿದ ಹೊಸ ಜೋಡಿ ಮೊದಲ ದಿನದಿಂದಲೇ ಕೂಗುತ್ತದೆ. ಡಯಲ್ ಗೇಜ್, ಬೇರಿಂಗ್ ಪ್ರೆಸ್, ನಾಲ್ಕು ಚಕ್ರಗಳನ್ನೂ ಎತ್ತುವ ಲಿಫ್ಟ್ ಇವನ್ನು ಪ್ರತಿ ಸಣ್ಣ ಗ್ಯಾರೇಜೂ ಕೊಳ್ಳಲಾಗದು. ಮೂರು ತಾಲ್ಲೂಕುಗಳ ವರ್ತಕರೂ ಗ್ಯಾರೇಜ್ ಮಾಲೀಕರೂ ಕೂಡಿ ಕೊಳ್ಳೇಗಾಲದಲ್ಲಿ ಒಂದೆಡೆ ಇಟ್ಟು ಗಂಟೆಯ ಬಾಡಿಗೆಗೆ ಕೊಟ್ಟರೆ ಎಲ್ಲರಿಗೂ ಎಟಕುತ್ತವೆ. ಕೈಗಾರಿಕಾ ತರಬೇತಿ ಸಂಸ್ಥೆಗಳ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಯ ಹುಡುಗರು ಅಲ್ಲಿ ಅನುಭವಿಗಳ ಕೈಕೆಳಗೆ ಸದ್ದು ಕೇಳಲು ಕಲಿಯಬಹುದು. ಪುಸ್ತಕದಿಂದ ಕಲಿಯಲಾಗದ ವಿದ್ಯೆ ಅದೊಂದೇ.

ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ. ಮುಂದಿನ ಬಾರಿ ಜೀಪು ಗರಗರ ಎಂದಾಗ ಮಾಲೀಕನು ಗ್ಯಾರೇಜಿಗೆ ಹೋಗಿ ಯಾವ ಭಾಗ ಬದಲಿಸಬೇಕೆಂದು ಕೇಳುವ ಬದಲು, ಹುಡುಕಿ ಹೇಳಲು ಎಷ್ಟು ಕೊಡಬೇಕೆಂದು ಕೇಳಿದರೆ ಸಾಕು, ಬದಲಾವಣೆ ಅಲ್ಲಿಂದಲೇ ಆರಂಭವಾಗುತ್ತದೆ.